ಜ್ಞಾನಸ್ನಾನವೂ ಪುನಃಸಂಸ್ಕಾರವೂ

ಒಮ್ಮೆ ಯಥಾವಿಧಿಯಾಗಿ ನಡೆದ ಸಂಸ್ಕಾರವು ಮುಂದೆ ಕೆಡುವುದುಂಟೆ? ಕೆಟ್ಟ ಪಕ್ಷದಲ್ಲಿ ಅದನ್ನು ಪುನಃ ಮಾಡತಕ್ಕುದೋ, ಬೇರೊಂದು ಪ್ರಾಯಶ್ಚಿತ್ತದಿಂದ ಸರಿಪಡಿಸತಕ್ಕುದೋ? ಈ ವಿಚಾರವು ನಮ್ಮ ಧರ್ಮಶಾಸ್ತ್ರಜ್ಞರಿಗೆ ಹೊಸದಲ್ಲ. ಪ್ರಾಯಶ್ಚಿತ್ತಪ್ರಕರಣವನ್ನು ಗುರುಮುಖದಿಂದ ಪಾಠಮಾಡಿದವರೆಲ್ಲರೂ ಇದನ್ನು ಬಲ್ಲರು. ಇದೇ ವಿಚಾರವು ಕನ್ನಡ ಕರಾವಳಿಯ ಕ್ರೈಸ್ತರಲ್ಲಿ ಗ್ರಂಥದ ಎಲ್ಲೆಯನ್ನು ದಾಟಿ ಸಹಸ್ರಾರು ಮಂದಿಯ ಬಾಳಿನ ಪ್ರಶ್ನೆಯಾಗಿ ಎದ್ದುನಿಂತ ಕಾಲವೊಂದಿದ್ದಿತು. ಶೈಶವದಲ್ಲಿ ಜ್ಞಾನಸ್ನಾನವನ್ನು ಪಡೆದು, ಬಾಲ್ಯದಲ್ಲಿಯೇ ಸೆರೆಗೆ ಸಿಕ್ಕಿ ಅನ್ಯಮತಕ್ಕೆ ಸೇರಿಸಲ್ಪಟ್ಟು, ಪ್ರಾಪ್ತವಯಸ್ಕರಾಗಿ ಊರಿಗೆ ಹಿಂದಿರುಗಿದ ಜನರು ಕಥೋಲಿಕ ಸಭೆಯನ್ನು ಹೇಗೆ ಸೇರಿದರು, ಯಾವ ಶಾಸ್ತ್ರದ ಬಲದಿಂದ ಸೇರಿದರು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ದೇಶದ ವಿಷಯವನ್ನು ಹೇಳಬೇಕು. ಭಟ್ಕಳದ ಮಗ್ಗುಲಲ್ಲಿ ಕಡಲಂಚಿಗಿರುವ ಜಾಲಿಯಿಂದ ಬಡಗಲಾಗಿ ಹೊರಟು, ಮುರುಡೇಶ್ವರವನ್ನು ಕಳೆದು, ಶರಾವತಿಯ ಮುಖದಲ್ಲಿರುವ ಹೊನ್ನಾವರವನ್ನು ದಾಟಿ, ಚಂದಾವರದ ಮಾರ್ಗವಾಗಿ ಕುಮಟೆಗೂ ಅಲ್ಲಿಂದ ಮಿರ್ಜಾನಿಗೂ ಹೋಗುವವನು ಒಂದೆರಡು ದಿನಗಳ ದಾರಿಯಲ್ಲಿಯೇ ಜೈನರ ಬಸದಿಗಳನ್ನೂ ಶೈವವೈಷ್ಣವ ದೇವಾಲಯಗಳನ್ನೂ ನವಾಯತರ ಮಸೀದಿಗಳನ್ನೂ ಕೊಂಕಣಿ ಕ್ರೈಸ್ತರ ಇಗರ್ಜಿಗಳನ್ನೂ ಕಾಣುವನು. ಮೆಣಸು ಮತ್ತು ಅಕ್ಕಿಯ ವ್ಯಾಪಾರವು ಇವರೆಲ್ಲರನ್ನೂ ಇಲ್ಲಿಗೆ ಕರೆತಂದಿತು. ಪೋರ್ತುಗೀಜರು ಹದಿನಾರನೆಯ ಶತಮಾನದಲ್ಲಿ ಭಟ್ಕಳವನ್ನು ಕೊಳ್ಳೆಹೊಡೆದುದೂ ಹೊನ್ನಾವರದಲ್ಲಿ ಕೋಟೆಯನ್ನು ಹಿಡಿದುದೂ ವಾಚಕರಿಗೆ ವಿದಿತವೇ ಆಗಿದೆ. ಗೋವೆಯಿಂದ ಕ್ರೈಸ್ತ ಕುಟುಂಬಗಳು ತೆಂಕಲಾಗಿ ಇಳಿದುಬಂದು ನೆಲೆಸಿದುದಕ್ಕೆ ಮಾತ್ರ ಪೋರ್ತುಗೀಜರ ಬಲವೊಂದೇ ಕಾರಣವಲ್ಲ. ಅವರಲ್ಲಿ ಅನೇಕರು ಪೋರ್ತುಗೀಜರ ಧರ್ಮವಿಚಾರಣಾಸಭೆಯ ಕಾಟವನ್ನೂ ಕಂದಾಯದ ಭಾರವನ್ನೂ ತಾಳಲಾರದೆ ಬಂದವರು. ಅವರಿಗೆ ಭೂಮಿಯನ್ನು ಕೊಟ್ಟು ನಿಲ್ಲಿಸಿದವರು ವೀರಶೈವರಾದ ಕೆಳದಿಯ ಅರಸರು. ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ 1678ರಲ್ಲಿ ಆದ ಒಡಂಬಡಿಕೆಯಿಂದ ಮಿರ್ಜಾನು, ಚಂದಾವರ, ಹೊನ್ನಾವರ, ಭಟ್ಕಳ, ಕಲ್ಯಾಣಪುರ ಈ ಐದು ಸ್ಥಳಗಳಲ್ಲಿ ಇಗರ್ಜಿಗಳನ್ನು ಕಟ್ಟಿಕೊಳ್ಳಲು ಅನುಮತಿಯಾಯಿತು. ಐದರಲ್ಲಿ ನಾಲ್ಕು ಈಗಿನ ಉತ್ತರ ಕನ್ನಡ ಜಿಲ್ಲೆಗೆ ಸೇರಿದುವೆಂಬುದನ್ನು ಗಮನಿಸಬೇಕು.

ಇಗರ್ಜಿಗಳಿದ್ದರೂ ಪಾದ್ರಿಗಳು ಸಾಲದೆ ಹೋದರು. ಬೆನಾವಲಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜನು 1681ರಿಂದ 1684ರವರೆಗೆ ಈ ಕರಾವಳಿಯಲ್ಲಿ ಬರಿಗಾಲಿನಲ್ಲಿ ಸಂಚರಿಸಿದನು. ಈತನೇ ಅನಂತರ ಸಿಂಹಳಕ್ಕೆ ಹೋಗಿ ಪ್ರಸಿದ್ಧನಾಗಿ, 2015ರಲ್ಲಿ ಕೊಲಂಬೋ ನಗರದಲ್ಲಿ ಪೋಪರಿಂದ ಸಂತನೆಂದು ಘೋಷಿಸಲ್ಪಟ್ಟವನು. ಆತನು ಬಂದಾಗ ಇಲ್ಲಿ ಎರಡು ಅಧಿಕಾರಗಳ ನಡುವೆ ವ್ಯಾಜ್ಯವು ನಡೆಯುತ್ತಿದ್ದಿತು. ಪೋರ್ತುಗಾಲದ ಅರಸನ ಪೋಷಣಾಧಿಕಾರಕ್ಕೆ ಒಳಗಾದ ಗೋವೆಯ ಆರ್ಚ್‌ಬಿಷಪ್ಪರು ಒಂದು ಕಡೆ. ರೋಮಿನ ಧರ್ಮಪ್ರಚಾರಸಭೆಯಿಂದ ನೇಮಕವಾದ ಬಿಷಪ್ ತೋಮಾಸ್ ದ ಕಾಸ್ತ್ರೋ ಮತ್ತೊಂದು ಕಡೆ. ಒಬ್ಬರ ಪಾದ್ರಿಗಳು ನಡೆಸಿದ ಕರ್ಮಗಳನ್ನು ಮತ್ತೊಬ್ಬರು ಅಸಿಂಧುವೆನ್ನುವರು. ನಡುವೆ ಸಿಕ್ಕಿ ಬಳಲಿದವರು ಗದ್ದೆಯಲ್ಲಿ ದುಡಿಯುವ ಭಕ್ತರು. ಈ ಜಗಳದ ವಿವರವೆಲ್ಲವೂ ನಮಗೆ ಬೇಕಾಗಿಲ್ಲ. ಒಂದು ಸೂಕ್ಷ್ಮವು ಮಾತ್ರ ಬೇಕಾಗಿದೆ: ಪಾಪನಿವೇದನೆಯ ಬಿಡುಗಡೆಗೆ ಅಧಿಕಾರವುಳ್ಳ ಪಾದ್ರಿಯೇ ಬೇಕು, ಆದರೆ ಜ್ಞಾನಸ್ನಾನಕ್ಕೆ ಅಂಥ ನಿರ್ಬಂಧವಿಲ್ಲ. ನೀರು, ಪಿತೃ-ಪುತ್ರ-ಪವಿತ್ರಾತ್ಮರ ನಾಮೋಚ್ಚಾರಣೆ, ಸಭೆಯು ಮಾಡುವುದನ್ನೇ ಮಾಡಬೇಕೆಂಬ ಸಂಕಲ್ಪ, ಈ ಮೂರಿದ್ದರೆ ಗೃಹಸ್ಥನು ಕೊಟ್ಟರೂ, ಸ್ತ್ರೀಯು ಕೊಟ್ಟರೂ, ಆಪತ್ತಿನಲ್ಲಿ ಅನ್ಯಮತದವನು ಕೊಟ್ಟರೂ ಅದು ಸಿದ್ಧವಾಗುತ್ತದೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ದ್ರವ್ಯ ಮಂತ್ರ ಸಂಕಲ್ಪಗಳೇ ಪ್ರಧಾನ; ಋತ್ವಿಜನ ಯೋಗ್ಯತೆಯು ಗೌಣ. ಈ ಸೂಕ್ಷ್ಮವು ನೂರು ವರ್ಷಗಳ ತರುವಾಯ ಉಪಯೋಗಕ್ಕೆ ಬಂದಿತು.

ಎರಡನೆಯ ಮೈಸೂರು ಯುದ್ಧದಲ್ಲಿ 1783ರ ಆರಂಭದಲ್ಲಿ ಹೊನ್ನಾವರವು ಆಂಗ್ಲರ ವಶವಾಯಿತು. ಕ್ಯಾಪ್ಟನ್ ತೊರಿಯಾನೋ ಎಂಬವನು ಟಿಪ್ಪು ಸುಲ್ತಾನನ ಸೈನ್ಯದ ಮುತ್ತಿಗೆಯನ್ನು ತಾಳಿಕೊಂಡು ಆ ಕೋಟೆಯನ್ನು ಬಹುಕಾಲ ಕಾದನು. ಕೊನೆಗೆ 1784ನೆಯ ಮಾರ್ಚಿ 11ರ ಮಂಗಳೂರಿನ ಒಡಂಬಡಿಕೆಯಂತೆ ಕೋಟೆಯು ಸುಲ್ತಾನನಿಗೆ ಹಿಂದಿರುಗಿತು. ಆತನು ಊರನ್ನೇ ನೆಲಸಮಮಾಡಿಸಿದನು. ಕರಾವಳಿಯ ಕ್ರೈಸ್ತರು ಆಂಗ್ಲರಿಗೆ ನೆರವಾದರೆಂಬ ಸಂದೇಹದಿಂದ ಆತನು ಅದೇ ವರ್ಷದ ಫೆಬ್ರವರಿಯಲ್ಲಿ ಅವರನ್ನು ಕುಟುಂಬಸಹಿತವಾಗಿ ಹಿಡಿಸಿ ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಪಾದ್ರಿಗಳು ದೇಶಭ್ರಷ್ಟರಾದರು, ಇಗರ್ಜಿಗಳು ಬಿದ್ದುವು. ಸೆರೆಹಿಡಿದ ದಿನವು ಕ್ರೈಸ್ತರ ವಿಭೂತಿ ಬುಧವಾರವೆಂದೂ ಅದು ಫೆಬ್ರವರಿ 24 ಎಂದೂ ಗ್ರಂಥದಿಂದ ಗ್ರಂಥಕ್ಕೆ ಬರೆಯುತ್ತ ಬಂದಿದ್ದಾರೆ. ಗಣಿತವು ಇದಕ್ಕೆ ಒಪ್ಪುವುದಿಲ್ಲ. ಆ ವರ್ಷದ ಈಸ್ಟರ್ ಹಬ್ಬವು ಏಪ್ರಿಲ್ 11ರ ಆದಿತ್ಯವಾರ ಬಂದಿತು; ಅದಕ್ಕೆ 46 ದಿನ ಹಿಂದಿನ ಬುಧವಾರವು ಫೆಬ್ರವರಿ 25 ಆಗುತ್ತದೆ. 24 ಮಂಗಳವಾರ. ಆದುದರಿಂದ ತಿಥಿಯನ್ನಾದರೂ ತೇದಿಯನ್ನಾದರೂ ಒಂದನ್ನು ಬಿಡಬೇಕು. ಜನರ ನೆನಪಿನಲ್ಲಿ ಪರ್ವದಿನವು ತೇದಿಗಿಂತ ಗಟ್ಟಿಯಾಗಿ ನಿಲ್ಲುವುದರಿಂದ ಬುಧವಾರವನ್ನೇ ಉಳಿಸಿಕೊಳ್ಳುವುದು ಯುಕ್ತವೆಂದು ತೋರುತ್ತದೆ.

ಸೆರೆಯಲ್ಲಿ ಪುರುಷರಿಗೂ ಬಾಲಕರಿಗೂ ಬಲಾತ್ಕಾರದಿಂದ ಸುನ್ನತಿಯನ್ನು ಮಾಡಿಸಿದರು. ತರುಣರನ್ನು ಅಹಮದೀ ಎಂಬ ದಂಡಿನಲ್ಲಿ ಸೇರಿಸಿದರು. ಇದೇ ಸುಲ್ತಾನನು ಶೃಂಗೇರಿಯ ಮಠಕ್ಕೆ ಮರಾಠರ ದಂಡಿನಿಂದಾದ ಹಾನಿಯನ್ನು ತುಂಬಿಕೊಟ್ಟವನೆಂಬುದನ್ನು ಮರೆಯಲಾಗದು, ಮರೆಸಲೂ ಆಗದು. ಒಬ್ಬ ಅರಸನ ಎರಡು ಕಾರ್ಯಗಳಲ್ಲಿ ಒಂದರಿಂದ ಮತ್ತೊಂದನ್ನು ಅಳಿಸಿಹಾಕುವುದು ಇತಿಹಾಸಕಾರನ ಕೆಲಸವಲ್ಲ.

1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಸೆರೆಯ ಬಾಗಿಲು ತೆರೆಯಿತು. ಸೆರೆಗೆ ಹೋಗುವಾಗ ಐದು ವರ್ಷದ ಶಿಶುವಾಗಿದ್ದವನಿಗೆ ಈಗ ಇಪ್ಪತ್ತು ವರ್ಷ. ಆತನು ಕಲಿತುದು ಕಲ್ಮಾ, ತೊಟ್ಟುದು ದಂಡಿನ ಅಂಗಿ, ಹೊತ್ತುದು ಹೊಸ ಹೆಸರು. ಜ್ಞಾನಸ್ನಾನದ ವಿಷಯವನ್ನು ಆತನು ತಾಯಿಯ ಬಾಯಿಂದ ಕೇಳಿರಬಹುದೇ ಹೊರತು ಸ್ವಂತ ಸ್ಮರಣೆಯಿಂದ ಬಲ್ಲವನಲ್ಲ. ಇಂಥವನು ಘಟ್ಟವನ್ನು ಇಳಿದು ಪಾಳುಬಿದ್ದ ಇಗರ್ಜಿಯ ಮುಂದೆ ಬಂದು ನಿಂತರೆ ಅವನನ್ನು ಯಾರೆಂದು ಎಣಿಸಬೇಕು? ಹೊಸದಾಗಿ ಮತಕ್ಕೆ ಬಂದವನೆಂದೋ, ಮನೆಗೆ ಮರಳಿದವನೆಂದೋ?

ಇದಕ್ಕೆ ಎರಡು ಸಮಕಾಲೀನ ಸಾಕ್ಷ್ಯಗಳಿವೆ. ಫ್ರಾನ್ಸಿಸ್ ಬುಕಾನನನು 1800-1801ರಲ್ಲಿ ಮೈಸೂರು, ಕನ್ನಡ, ಮಲೆಯಾಳ ಸೀಮೆಗಳಲ್ಲಿ ಸಂಚರಿಸಿ ಬರೆದ ವೃತ್ತಾಂತವು 1807ರಲ್ಲಿ ಮುದ್ರಿತವಾಯಿತು. ಇಂಥ ಅಪರಾಧಿಗಳನ್ನು ಮರಳಿ ಸೇರಿಸಿಕೊಳ್ಳುವುದಕ್ಕೆ ಕ್ರೈಸ್ತಮತದಲ್ಲಿ ಪ್ರತಿಬಂಧವಿಲ್ಲವಾದುದರಿಂದ, ಬಲಾತ್ಕಾರದಿಂದ ಮಹಮ್ಮದೀಯರಾದವರು ಬಹುತರವಾಗಿ ಪಾದ್ರಿಗಳೊಡನೆ ಸಮಾಧಾನ ಮಾಡಿಕೊಂಡರೆಂದೂ, 15,000 ಮಂದಿ ಮಂಗಳೂರಿಗೂ ಅದರ ನೆರೆಗೂ ಆಗಲೇ ಹಿಂದಿರುಗಿದ್ದರೆಂದೂ, ಮಲೆಯಾಳಕ್ಕೆ ತಪ್ಪಿಸಿಕೊಂಡು ಹೋಗಿದ್ದ 10,000 ಮಂದಿ ತಮ್ಮ ಬಡತನವು ಅನುಮತಿಸಿದಷ್ಟು ಬೇಗನೆ ಬರುತ್ತಿದ್ದರೆಂದೂ ಆತನು ಹೇಳುತ್ತಾನೆ. ಎರಡನೆಯ ಸಾಕ್ಷಿಯು ಆಬೆ ದುಬುವಾ. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಗ್ರಂಥದಿಂದ ನಮ್ಮವರಿಗೆ ಪರಿಚಿತನಾದ ಈ ಫ್ರೆಂಚ್ ಪಾದ್ರಿಯು ಪಟ್ಟಣವು ಬಿದ್ದ ಮೇಲೆ ಅಲ್ಲಿಯ ಕ್ರೈಸ್ತರನ್ನು ಒಗ್ಗೂಡಿಸಲು ಕರೆಸಲ್ಪಟ್ಟವನು. ಕೈಯಾರೆ ಈ ಕಾರ್ಯವನ್ನು ನಡೆಸಿದವನು. ಹಿಡಿಯಲ್ಪಟ್ಟವರು 60,000, ತನ್ನ ಬಳಿಗೆ ಬಂದವರು ಸುಮಾರು 2,000, ಮಂಗಳೂರಿನ ಸೀಮೆಗೆ ಹಿಂದಿರುಗಿದವರು ಸುಮಾರು 20,000 ಎಂದು ಆತನ ಲೆಕ್ಕ. ತಮ್ಮ ಮತತ್ಯಾಗವು ಕೇವಲ ಬಾಹ್ಯವೆಂದೂ ಹೃದಯದಲ್ಲಿ ಕ್ರಿಸ್ತನನ್ನು ಬಿಟ್ಟಿರಲಿಲ್ಲವೆಂದೂ ಅವರು ಹೇಳಿಕೊಂಡರಂತೆ.

ಬುಕಾನನನ 25,000, ದುಬುವಾನ 20,000: ಎರಡು ಲೆಕ್ಕಗಳೂ ಒಂದಕ್ಕೊಂದು ಹತ್ತಿರದಲ್ಲಿವೆ, ಇಬ್ಬರೂ ಒಬ್ಬರನ್ನೊಬ್ಬರು ನಕಲು ಮಾಡಿದಂತೆ ಕಾಣುವುದಿಲ್ಲ. ಹಿಡಿಯಲ್ಪಟ್ಟವರ ಸಂಖ್ಯೆಯಲ್ಲಿ ಇಂಥ ಒಮ್ಮತವು ದೊರೆಯದು. ಬೇರೆಬೇರೆ ಗ್ರಂಥಗಳಲ್ಲಿ ಅದು 30,000ದಿಂದ 80,000ದವರೆಗೂ ಹಬ್ಬಿದೆ. ದುಬುವಾನ ಒಂದು ಮಾತನ್ನು ಮಾತ್ರ ಎಚ್ಚರಿಕೆಯಿಂದ ಓದಬೇಕು. ಇಷ್ಟು ಮಂದಿಯಲ್ಲಿ ಒಬ್ಬನಾದರೂ ಮತಕ್ಕಾಗಿ ಪ್ರಾಣವನ್ನು ಕೊಡುವ ಧೈರ್ಯವನ್ನು ತೋರಲಿಲ್ಲವೆಂದು ಆತನು ಮೂದಲಿಸಿದ್ದಾನೆ. ಈ ಮಾತು ಬಂದಿರುವುದು 1823ರಲ್ಲಿ ಪ್ರಕಟವಾದ ಆತನ ಪತ್ರಗಳಲ್ಲಿ. ಆ ಪತ್ರಗಳ ಪ್ರತಿಜ್ಞೆಯೇ ಹಿಂದೂದೇಶದವರನ್ನು ನಿಜವಾದ ಕ್ರೈಸ್ತರನ್ನಾಗಿ ಮಾಡುವುದು ಅಸಾಧ್ಯವೆಂಬುದು. ಪ್ರತಿಜ್ಞೆಗೆ ಒದಗುವ ಉದಾಹರಣೆಯನ್ನು ವಾದಿಯು ತುಸು ಎಳೆದು ಹೇಳುವುದು ಲೋಕಸಹಜ. ತಾಯಿಯ ಸೆರಗನ್ನು ಹಿಡಿದು ಘಟ್ಟವನ್ನು ಹತ್ತಿದ ಮಗುವಿನಲ್ಲಿ ಹುತಾತ್ಮನ ಧೈರ್ಯವನ್ನು ಅರಸುವುದು ನ್ಯಾಯವೇ? ಹದಿನೈದು ವರ್ಷಗಳ ಮೇಲೆ ಅನ್ನವಿಲ್ಲದಿದ್ದರೂ ನೂರಾರು ಮೈಲಿ ನಡೆದು ಬಂದು ಇಗರ್ಜಿಯನ್ನು ಮತ್ತೆ ಕಟ್ಟಿದವರ ಸ್ಥೈರ್ಯವು ಆತನ ತಕ್ಕಡಿಯಲ್ಲಿ ತೂಗಲಿಲ್ಲ.

ಇನ್ನು ಶಾಸ್ತ್ರವಿಚಾರ. ಮತವನ್ನು ಬಿಟ್ಟು ಮರಳಿದವರನ್ನು ಏನು ಮಾಡಬೇಕೆಂಬ ಚರ್ಚೆಯು ಕ್ರೈಸ್ತರಲ್ಲಿ ಮೂರನೆಯ ಶತಮಾನದಷ್ಟು ಹಳೆಯದು. ಕಾರ್ಥೇಜಿನ ಬಿಷಪ್ ಸಿಪ್ರಿಯಾನನು ಪಾಷಂಡರು ಕೊಟ್ಟ ಸ್ನಾನವು ಸ್ನಾನವೇ ಅಲ್ಲವೆಂದೂ ಅಲ್ಲಿಂದ ಬಂದವರಿಗೆ ಹೊಸದಾಗಿ ಸ್ನಾನವನ್ನು ಕೊಡಬೇಕೆಂದೂ ವಾದಿಸಿದನು; ರೋಮಿನ ಸ್ತೇಫಾನನು ಕೈಯಿಟ್ಟು ಪ್ರಾಯಶ್ಚಿತ್ತವನ್ನು ವಿಧಿಸಿದರೆ ಸಾಕೆಂದನು. 314ರಲ್ಲಿ ಆರ್ಲ್ ನಗರದ ಸಭೆಯು ರೋಮಿನ ಪಕ್ಷವನ್ನೇ ಎತ್ತಿಹಿಡಿಯಿತು. ದೊನಾತಿಸ್ತರೆಂಬ ಪಂಗಡದವರೊಡನೆ ವಾದಮಾಡುವಾಗ ಆಗಸ್ಟಿನನು ಕೊಟ್ಟ ದೃಷ್ಟಾಂತವು ಪ್ರಸಿದ್ಧವಾದುದು: ಸೈನಿಕನ ಮೈಮೇಲೆ ಚಕ್ರವರ್ತಿಯ ಮುದ್ರೆಯನ್ನು ಒತ್ತುವರು, ಅವನು ದಂಡನ್ನು ಬಿಟ್ಟು ಓಡಿಹೋದರೂ ಮುದ್ರೆಯು ಅಳಿಯದು, ಮರಳಿ ಬಂದರೆ ಅಪರಾಧಕ್ಕೆ ಶಿಕ್ಷೆಯುಂಟು, ಎರಡನೆಯ ಮುದ್ರೆಯಿಲ್ಲ. ಜ್ಞಾನಸ್ನಾನದಿಂದ ಆತ್ಮದಲ್ಲಿ ಅಂಥದೇ ಅಳಿಯದ ಮುದ್ರೆಯುಂಟಾಗುವುದೆಂದು ಕಥೋಲಿಕರ ಸಿದ್ಧಾಂತ. ಶ್ರೀರಂಗಪಟ್ಟಣದಿಂದ ಬಂದವರಲ್ಲಿ ಈ ದೃಷ್ಟಾಂತವು ವಿಚಿತ್ರವಾಗಿ ಮಗುಚಿಕೊಂಡಿದೆ. ಅವರ ಮೈಮೇಲೆ ಕಾಣುತ್ತಿದ್ದ ಗುರುತು ಸುಲ್ತಾನನದು. ಕ್ರಿಸ್ತನದೆಂದು ಹೇಳುವ ಗುರುತು ಕಣ್ಣಿಗೆ ಕಾಣದ್ದು. ಕಾಣದ ಗುರುತನ್ನೇ ಪ್ರಮಾಣವೆಂದು ಸಭೆಯು ಸ್ವೀಕರಿಸಿತು.

ಅಪರಾಧದ ತಾರತಮ್ಯವನ್ನು ಕೂಡ ಹಿಂದಿನವರು ನಿರ್ಣಯಿಸಿದ್ದರು. 314ರ ಅಂಕಿರಾ ಸಭೆಯ ಮೂರನೆಯ ವಿಧಿಯಂತೆ, ಕೈಯಲ್ಲಿ ಧೂಪವನ್ನು ಬಲಾತ್ಕಾರದಿಂದ ತುರುಕಿಸಿಕೊಂಡು ತಾವು ಕ್ರೈಸ್ತರೆಂದೇ ಕೂಗಿಕೊಂಡವರು ನಿರ್ದೋಷಿಗಳು. 325ರ ನಿಕೇಯ ಸಭೆಯ ಹನ್ನೊಂದನೆಯ ವಿಧಿಯು ಯಾವ ಒತ್ತಾಯವೂ ಇಲ್ಲದೆ ಮತವನ್ನು ಬಿಟ್ಟವರಿಗೆ ಮೂರು, ಏಳು, ಎರಡು ಎಂದು ಹನ್ನೆರಡು ವರ್ಷಗಳ ತಪಸ್ಸನ್ನು ಹೇಳುತ್ತದೆ. ಈ ಸಂಖ್ಯೆಗಳನ್ನು ಕಂಡಾಗ ಸ್ಮೃತಿಗಳ ದ್ವಾದಶಾಬ್ದವ್ರತವು ನೆನಪಿಗೆ ಬಾರದಿರದು. ಒಂದಕ್ಕೊಂದು ಸಂಬಂಧವನ್ನು ಕಲ್ಪಿಸುವುದು ಸಾಹಸವಾದೀತು.

ಗೋವೆಯ ಪಾದ್ರಿಗಳಿಗೆ ನೇರವಾದ ಆಧಾರವು ತ್ರೆಂತ್ ಮಹಾಸಭೆಯ ನಿರ್ಣಯಗಳು. ಆ ಸಭೆಯ ಏಳನೆಯ ಅಧಿವೇಶನವು 1547ನೆಯ ಮಾರ್ಚಿ 3ರಂದು ನಡೆಯಿತು. ಅಲ್ಲಿ ಜ್ಞಾನಸ್ನಾನವನ್ನು ಕುರಿತ ಹನ್ನೊಂದನೆಯ ವಿಧಿಯು ನಮ್ಮ ಪ್ರಸಂಗಕ್ಕಾಗಿಯೇ ಬರೆದಂತಿದೆ: ಅವಿಶ್ವಾಸಿಗಳ ನಡುವೆ ಕ್ರಿಸ್ತನನ್ನು ಅಲ್ಲಗಳೆದವನು ಪಶ್ಚಾತ್ತಾಪದಿಂದ ಮರಳಿದಾಗ ಅವನಿಗೆ ಸ್ನಾನವನ್ನು ಪುನಃ ಕೊಡಬೇಕೆನ್ನುವವನು ಬಹಿಷ್ಕೃತನೆಂಬುದು ಅದರ ತಾತ್ಪರ್ಯ. ಹದಿನಾಲ್ಕನೆಯ ವಿಧಿಯು ಮತ್ತೊಂದು ಬಾಗಿಲನ್ನು ಮುಚ್ಚುತ್ತದೆ. ಶಿಶುವಾಗಿದ್ದಾಗ ಸ್ನಾನವಾದವರನ್ನು ಬೆಳೆದ ಮೇಲೆ, ನಿಮ್ಮ ಪರವಾಗಿ ಇತರರು ಕೊಟ್ಟ ಮಾತನ್ನು ಒಪ್ಪುವಿರಾ ಎಂದು ಕೇಳಿ, ಒಲ್ಲೆನೆಂದರೆ ಅವರಿಚ್ಛೆಗೆ ಬಿಟ್ಟುಬಿಡಬೇಕೆಂಬ ಮತವನ್ನು ಅದು ಖಂಡಿಸಿತು. ಎರಾಸ್ಮನೆಂಬ ಮಹಾಪಂಡಿತನು ಬೆಳೆದವರನ್ನು ಹೀಗೆ ಕೇಳುವುದು ಒಳ್ಳೆಯದೆಂದು ಸೂಚಿಸಿದ್ದನು. ಎರಡು ವಿಧಿಗಳನ್ನೂ ಕೂಡಿಸಿ ನೋಡಿದರೆ ಸೆರೆಯಿಂದ ಬಂದ ತರುಣನ ಸ್ಥಿತಿಯು ಸ್ಪಷ್ಟವಾಗುತ್ತದೆ: ಅವನು ಹೊಸದಾಗಿ ಸೇರತಕ್ಕವನಲ್ಲ, ಸೇರಿಯೇ ಇರುವವನು. ಅವನಿಂದ ಬೇಕಾದುದು ವಿಶ್ವಾಸಪ್ರತಿಜ್ಞೆ, ಪಾಪನಿವೇದನೆ, ಪ್ರಾಯಶ್ಚಿತ್ತ. ಅನಂತರ ದೃಢೀಕರಣ ಮತ್ತು ಪರಮಪ್ರಸಾದ. ನೀರು ಬೇಕಾಗಿಲ್ಲ.

ನಮ್ಮ ಶಾಸ್ತ್ರದ ಹಾದಿಯು ಇದಕ್ಕಿಂತ ಬೇರೆ. ಅರಿಯದೆ ಸುರಾಸಂಸ್ಪೃಷ್ಟವನ್ನು ಸೇವಿಸಿದ ದ್ವಿಜನಿಗೆ ಮನುವು ಹನ್ನೊಂದನೆಯ ಅಧ್ಯಾಯದಲ್ಲಿ ಪುನಃಸಂಸ್ಕಾರವನ್ನು ವಿಧಿಸುತ್ತಾನೆ. ನಿಷಿದ್ಧದೇಶಗಳಿಗೆ ಹೋಗಿಬಂದವನಿಗೆ ಬೋಧಾಯನನು ಪುನಸ್ತೋಮವನ್ನು ಹೇಳುತ್ತಾನೆ. ಆದುದರಿಂದ ಸಂಸ್ಕಾರವು ಕೆಡಬಲ್ಲುದು, ಕೆಟ್ಟುದನ್ನು ಮತ್ತೆ ಮಾಡಬಹುದು ಎಂಬುದು ನಮ್ಮವರ ಮತ. ಇಲ್ಲಿಯೂ ಒಂದು ಸೂಕ್ಷ್ಮವುಂಟು: ಪುನಃಸಂಸ್ಕಾರದಲ್ಲಿ ವಪನ, ಮೇಖಲೆ, ದಂಡ, ಭಿಕ್ಷಾಚರಣೆ, ವ್ರತಗಳು ಬಿಟ್ಟುಹೋಗುವುವೆಂದು ಮನುವೇ ಹೇಳುವನು. ಎರಡನೆಯದು ಮೊದಲಿನದಕ್ಕೆ ಪೂರ್ತಿಯಾಗಿ ಸಮಾನವಲ್ಲವೆಂಬ ಅರಿವು ಅವನಿಗೂ ಇದ್ದಂತಿದೆ.

ಮ್ಲೇಚ್ಛರಿಂದ ಬಲಾತ್ಕಾರಕ್ಕೆ ಒಳಗಾದವರನ್ನು ಕುರಿತು ದೇವಲಸ್ಮೃತಿಯು ವಿಶೇಷವಾಗಿ ಹೇಳುತ್ತದೆ. ಸಿಂಧುತೀರದಲ್ಲಿ ಮುನಿಗಳು ಕೇಳಿದ ಪ್ರಶ್ನೆಗೆ ಉತ್ತರವಾಗಿ ಹೊರಟ ಈ ಗ್ರಂಥವು ಪುಣೆಯ ಆನಂದಾಶ್ರಮದ ಸ್ಮೃತಿಸಮುಚ್ಚಯದಲ್ಲಿ ಅಚ್ಚಾಗಿದೆ. ಹತ್ತರಿಂದ ಇಪ್ಪತ್ತು ವರ್ಷಗಳವರೆಗೆ ಮ್ಲೇಚ್ಛರ ವಶದಲ್ಲಿದ್ದವನಿಗೂ ಎರಡು ಪ್ರಾಜಾಪತ್ಯಗಳಿಂದ ಶುದ್ಧಿಯುಂಟೆಂದೂ, ಹದಿನಾರು ವರ್ಷದೊಳಗಿನವರಿಗೂ ಸ್ತ್ರೀಯರಿಗೂ ರೋಗಿಗಳಿಗೂ ಪ್ರಾಯಶ್ಚಿತ್ತದಲ್ಲಿ ಅರ್ಧವೇ ಸಾಕೆಂದೂ ಅದು ವಿಧಿಸುತ್ತದೆ. 1784ರಿಂದ 1799ಕ್ಕೆ ಹದಿನೈದು ವರ್ಷ. ಶ್ರೀರಂಗಪಟ್ಟಣದ ಸೆರೆಯು ದೇವಲನು ಹಾಕಿದ ಎಲ್ಲೆಯೊಳಗೆಯೇ ಬೀಳುತ್ತದೆ! ಕ್ರೈಸ್ತರಂತೆಯೇ ಸೆರೆಹೋದ ಕೊಡವರೇ ಮೊದಲಾದ ನಮ್ಮವರಿಗೂ ಶಾಸ್ತ್ರದ ಬಾಗಿಲು ತೆರೆದೇ ಇದ್ದಿತು. ಆದರೆ ರೂಢಿಯು ಶಾಸ್ತ್ರಕ್ಕಿಂತ ಬಲವತ್ತರ. ಕೊಡಗಿನಲ್ಲಿ ಇಂದಿಗೂ ಕೊಡವ ಒಕ್ಕದ ಹೆಸರುಗಳನ್ನು ಇಟ್ಟುಕೊಂಡು ಮಹಮ್ಮದೀಯರಾಗಿ ಬಾಳುತ್ತಿರುವ ಕೊಡವ ಮಾಪಿಳ್ಳೆಗಳು ತಮ್ಮ ಪೂರ್ವಿಕರು ಆ ಕಾಲದಲ್ಲಿ ಹೀಗಾದವರೆಂದು ಹೇಳಿಕೊಳ್ಳುವರು. 1676ರಲ್ಲಿ ನೇತಾಜಿ ಪಾಲಕರನನ್ನು ಶಿವಾಜಿಯು ಶುದ್ಧಿಮಾಡಿಸಿ ಸೇರಿಸಿಕೊಂಡ ಉದಾಹರಣೆಯಿದೆ. ಅಲ್ಲಿ ಅರಸನೇ ಮುಂದೆ ನಿಂತನು. ಅರಸನ ಬೆಂಬಲವಿಲ್ಲದ ಬಡವನಿಗೆ ಎರಡು ಪ್ರಾಜಾಪತ್ಯಗಳನ್ನು ಮಾಡಿಸಿ ಪಂಕ್ತಿಗೆ ಕರೆಯುವವರು ಯಾರು? ಬುಕಾನನನು ಕ್ರೈಸ್ತಮತದಲ್ಲಿ ಪ್ರತಿಬಂಧವಿಲ್ಲವೆಂದು ಎತ್ತಿಹೇಳುವಾಗ ಅವನ ಕಣ್ಣಮುಂದೆ ಪ್ರತಿಬಂಧವಿದ್ದ ಸಮಾಜವೊಂದು ಇದ್ದಿರಬೇಕೆಂದು ಊಹಿಸುವುದು ತಪ್ಪಾಗಲಾರದು.

ಹಾಗೆಂದು ಕ್ರೈಸ್ತರ ಕೆಲಸವು ಸುಲಭವಾಗಿದ್ದಿತೆಂದು ತಿಳಿಯಬಾರದು. ಸೆರೆಯಲ್ಲಿಯೇ ಹುಟ್ಟಿದ ಮಕ್ಕಳ ವಿಷಯವು ತೊಡಕಿನದು. ಪಾದ್ರಿಗಳಿಲ್ಲದ ಆ ಸ್ಥಳದಲ್ಲಿ ತಂದೆಯೋ ಅಜ್ಜಿಯೋ ಗುಟ್ಟಾಗಿ ನೀರೆರೆದು ನಾಮೋಚ್ಚಾರಣೆ ಮಾಡಿದ್ದರೆ, ಮೇಲೆ ಹೇಳಿದ ಸೂಕ್ಷ್ಮದಂತೆ ಅದು ಪೂರ್ಣವಾದ ಜ್ಞಾನಸ್ನಾನವೇ. ಆದರೆ ಆ ಅಜ್ಜಿಯು ಸತ್ತುಹೋಗಿದ್ದರೆ ಹೇಳುವವರಾರು? ಇಗರ್ಜಿಗಳೊಡನೆ ಅವುಗಳ ದಫ್ತರಗಳೂ ನಾಶವಾದಲ್ಲಿ ಸೆರೆಗೆ ಮೊದಲು ಹುಟ್ಟಿದವರಿಗೂ ಸಾಕ್ಷಿಯ ಬಾಯಿಮಾತೇ ಗತಿ. ನಂಬತಕ್ಕ ಒಬ್ಬ ಸಾಕ್ಷಿಯಿದ್ದರೂ ಸಾಕೆಂಬುದು ಅವರ ಶಾಸ್ತ್ರದ ಉದಾರವಾದ ನಿಯಮ. ಆ ಒಬ್ಬನೂ ಇಲ್ಲದೆ ಸಂದೇಹವು ಉಳಿದರೆ ಹನ್ನೆರಡನೆಯ ಶತಮಾನದ ಮೂರನೆಯ ಅಲೆಕ್ಸಾಂಡರ್ ಪೋಪನ ನಿರ್ಣಯದಂತೆ ಸೋಪಾಧಿಕವಾದ ಸ್ನಾನವನ್ನು ಕೊಡುವರು. ಮೊದಲು ಆಗಿರದಿದ್ದ ಪಕ್ಷದಲ್ಲಿ ಮಾತ್ರ ಇದು ಸ್ನಾನವಾಗಲೆಂದು ಮಂತ್ರದಲ್ಲಿಯೇ ಹೇಳುವರು. ಸಂದೇಹಸ್ಥಳದಲ್ಲಿ ನಮ್ಮವರು ಪ್ರಾಯಶ್ಚಿತ್ತವನ್ನು ಕೂಡಿಸುವರು. ಅವರು ಸಂಕಲ್ಪದಲ್ಲಿ ಒಂದು ‘ಯದಿ’ಯನ್ನು ಕೂಡಿಸುವರು. ತರ್ಕದೃಷ್ಟಿಯಿಂದ ಅವರ ಉಪಾಯವು ಹೆಚ್ಚು ನಯವಾದುದೆಂದು ನನ್ನ ಅಭಿಪ್ರಾಯ.

ಸ್ತ್ರೀಯರ ಗತಿಯು ಇನ್ನೂ ಕಠಿನ. ಸುಲ್ತಾನನ ಸಿಪಾಯಿಗಳ ಮನೆಗಳನ್ನು ಸೇರಬೇಕಾಗಿ ಬಂದು ಮಕ್ಕಳನ್ನು ಪಡೆದವಳು ಜ್ಞಾನಸ್ನಾನದ ಬಲದಿಂದ ಕ್ರೈಸ್ತಳೇ ಸರಿ. ಆ ಬಲದಿಂದಲೇ ಅವಳ ವಿವಾಹವು ಸಭೆಯ ದೃಷ್ಟಿಯಲ್ಲಿ ಅಸಿಂಧು. ಅವಳನ್ನು ಸಭೆಯಲ್ಲಿ ಉಳಿಸಿದ ಮುದ್ರೆಯೇ ಅವಳನ್ನು ಮಕ್ಕಳ ತಂದೆಯಿಂದ ಬೇರ್ಪಡಿಸುವುದು. ಹಿಂದಿರುಗಿದವರ ಸಂಖ್ಯೆಯನ್ನು ಹಿಡಿಯಲ್ಪಟ್ಟವರ ಸಂಖ್ಯೆಯಿಂದ ಕಳೆದು ಉಳಿದವರೆಲ್ಲರೂ ಸತ್ತರೆಂದು ಬರೆಯುವ ಇತಿಹಾಸಕಾರರು ಈ ಸ್ತ್ರೀಯರನ್ನು ಮರೆತಿದ್ದಾರೆ. ಜೀವಂತರಾಗಿದ್ದು ಹಿಂದಿರುಗದವರೂ ಇರಲೇಬೇಕು.

ಕನ್ನಡ ಜಿಲ್ಲೆಯು ಇಬ್ಭಾಗವಾದಂತೆ ಇಗರ್ಜಿಗಳ ಆಡಳಿತವೂ ಹಂಚಿಹೋಯಿತು. ಉತ್ತರ ಕನ್ನಡದವು ಬಹುಕಾಲ ಗೋವೆಗೆ ಒಳಗಾಗಿದ್ದು, 1953ರಲ್ಲಿ ಬೆಳಗಾವಿಯ ಧರ್ಮಪ್ರಾಂತಕ್ಕೂ 1976ರಲ್ಲಿ ಹೊಸದಾದ ಕಾರವಾರದ ಧರ್ಮಪ್ರಾಂತಕ್ಕೂ ಸೇರಿದುವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಿಂದ ಪ್ರೊಟೆಸ್ಟಂಟ್ ಸಭೆಗಳು ಏರ್ಪಟ್ಟ ಮೇಲೆ ಹಳೆಯ ಪ್ರಶ್ನೆಯು ಹೊಸ ವೇಷದಲ್ಲಿ ಬಂದಿತು: ಅಲ್ಲಿ ಶಿಶುವಾಗಿದ್ದಾಗ ದೀಕ್ಷಾಸ್ನಾನವನ್ನು ಪಡೆದವನು ಬೆಳೆದ ಮೇಲೆ ಕಥೋಲಿಕನಾಗಲು ಬಯಸಿದರೆ ಹೇಗೆ? ಮೊದಲು ಇಂಥವರಿಂದ ಪೂರ್ವಮತಖಂಡನೆಯ ಪ್ರತಿಜ್ಞೆಯನ್ನು ಮಾಡಿಸುತ್ತಿದ್ದರು, ಸಂದೇಹವೆಂದು ಸೋಪಾಧಿಕ ಸ್ನಾನವನ್ನೂ ಧಾರಾಳವಾಗಿ ಕೊಡುತ್ತಿದ್ದರು. 1962-65ರ ಎರಡನೆಯ ವ್ಯಾಟಿಕನ್ ಸಭೆಯ ತರುವಾಯ 1972ರಲ್ಲಿ ಹೊರಟ ವಿಧಿಗ್ರಂಥವೂ 1983ರ ಧರ್ಮಸಂಹಿತೆಯೂ ಇದನ್ನು ಬಿಗಿಗೊಳಿಸಿ, ಗಟ್ಟಿಯಾದ ಕಾರಣವಿಲ್ಲದೆ ಸೋಪಾಧಿಕ ಸ್ನಾನವನ್ನು ಕೊಡಬಾರದೆಂದಿವೆ. ಇಂದು ಅಂಥವನೊಬ್ಬನು ಹೊನ್ನಾವರದ ಇಗರ್ಜಿಗೆ ಬಂದರೆ ಪಾದ್ರಿಯು ಮೊದಲು ಹಳೆಯ ಸಭೆಯ ಸ್ನಾನಪತ್ರವನ್ನು ಕೇಳುವನು. ಅದು ಸರಿಯಾಗಿದ್ದರೆ ಎಲ್ಲರೊಡನೆ ವಿಶ್ವಾಸಸೂತ್ರವನ್ನು ಹೇಳಿಸುವನು, ಸಭೆಯು ಬೋಧಿಸುವುದನ್ನು ನಂಬುವೆನೆಂದು ಅವನಿಂದ ಒಂದು ವಾಕ್ಯವನ್ನು ಹೇಳಿಸುವನು, ಹಣೆಗೆ ತೈಲವನ್ನು ಹಚ್ಚಿ ದೃಢೀಕರಣವನ್ನು ಕೊಡುವನು. ಸ್ನಾನದ ತೊಟ್ಟಿಯ ಕಡೆಗೆ ಅವನನ್ನು ಕರೆದೊಯ್ಯುವುದಿಲ್ಲ.